ಅಂಗಳದಲ್ಲಿ ಕುಳಿತ ಹದಿನೆಂಟು ಮಂದಿ

ಅಕ್ಕಿಆಲೂರು
೯ ಫೆಬ್ರುವರಿ ೨೦೨೫, ರವಿವಾರ

ಚಿರಂಜೀವಿ ನೇತ್ರಾಳಿಗೆ, ನಿನ್ನ ಅವ್ವನ ಆಶೀರ್ವಾದಗಳು.

ನಿನ್ನ ಲೇಖನ ಕೈಸೇರಿ ಇಪ್ಪತ್ತು ದಿನವಾಯಿತು. ಉತ್ತರ ತಡವಾದದ್ದು ನನ್ನದೇ ತಪ್ಪು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನಗೆ ಒಂದು ಮಾತು ಪೂರ್ತಿ ಆಡಲು ನೀನು ಬಿಡುವುದಿಲ್ಲ, ನಿನಗೆ ನಾನು ಬಿಡುವುದಿಲ್ಲ. ಕಾಗದದ ನಡುವೆ ನೀನು ಬಾಯಿ ಹಾಕಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅತ್ತಿಗೆ ಸಮತಾಳ ಸೊಂಟನೋವು ಇಳಿದಿದೆ. ನಿನ್ನ ಅಣ್ಣ ಬಸವೇಶ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾನೆ, "ಊಟ ಆತು", "ಹುಬ್ಬಳ್ಳಿಗೆ ಹೊಂಟೇನಿ" ಅಷ್ಟೇ. ಯಾಕೆಂದು ಮುಂದೆ ಬರೆಯುತ್ತೇನೆ.

ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಅಚ್ಚಾದ ನಿನ್ನ ಹೆಸರು ನೋಡುತ್ತ ಓದಿದೆ. ಎರಡನೇ ಸಲ ಸಿಟ್ಟಿನಿಂದ ಓದಿದೆ. ಎಸ್ಸೆಸ್ಸೆಲ್ಸಿ ಕಲಿತವಳಿಗೆ ತಿಳಿಯಲಿಕ್ಕಿಲ್ಲ ಎಂದುಕೊಂಡಿದ್ದರೆ ತಪ್ಪು, ಎಲ್ಲವೂ ತಿಳಿಯಿತು. ಸರಕಾರವೇ ಎಲ್ಲವನ್ನೂ ನಡೆಸುತ್ತಿದ್ದ ದೇಶಗಳು, ಪೋಲೆಂಡು, ಉಜ್ಬೇಕಿಸ್ತಾನ ಇಂಥವು, ಪೇಟೆಯ ದಾರಿ ಹಿಡಿದಾಗ ಏನಾಯಿತು ಎಂದು ಬರೆದಿದ್ದೀ. ಮೊದಲು ಎಲ್ಲ ಕುಸಿಯಿತು, ಆಮೇಲೆ ಕಾರ್ಖಾನೆಗಳು ಎದ್ದವು, ಮಾಲು ಹೆಚ್ಚು ಹೊರಬಂತು, ಆದರೆ ಮನೆಗೆ ಕಳಿಸಿದ ಕೆಲಸಗಾರರನ್ನು ಬಹಳ ವರ್ಷ ಯಾರೂ ಮತ್ತೆ ಕರೆಯಲಿಲ್ಲ ಎಂದು. ಚೆನ್ನಾಗಿ ಬರೆದಿದ್ದೀ. ಓದುತ್ತ ಓದುತ್ತ ನಾನೇ ಒಂದೆರಡು ಕಡೆ ತಲೆದೂಗಿದೆ.

ಆದರೆ ಕೊನೆಯ ಪುಟದಲ್ಲಿ ಏನು ಬರೆದೆ? "ಹಾನಗಲ್ಲ ತಾಲೂಕಿನ ಸಣ್ಣ ಅಕ್ಕಿ ಗಿರಣಿಗಳಲ್ಲಿ ಮಾತ್ರ ಬೆಳವಣಿಗೆ ಮತ್ತು ಉದ್ಯೋಗ ಜೊತೆಜೊತೆಗೆ ಏರಿವೆ. ಅಕ್ಕಿಆಲೂರಿನ ಒಂದು ಗಿರಣಿಯಲ್ಲಿ ಹೊಸ ಯಂತ್ರ ಬಂದ ಮೇಲೆ ನಾಲ್ಕಿದ್ದ ಕೆಲಸಗಾರರ ಸಂಖ್ಯೆ ಇಪ್ಪತ್ತೆರಡಾಗಿದೆ."

ಗಿರಣಿಯ ಹೆಸರು ಹಾಕಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಅದೇ ಗಿರಣಿಯ ಹಿಂದಿನ ಮನೆಯಲ್ಲಿ ಕುಳಿತು ನಾನು ಅದನ್ನು ಓದುತ್ತಿದ್ದೆ.

ನೇತ್ರಾ, ಧಾರವಾಡ ಏನು ಸಮುದ್ರದ ಆಚೆ ಇದೆಯೇ? ಮುಂಜಾನೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಇಲ್ಲಿರುತ್ತೀ. ಉಜ್ಬೇಕಿಸ್ತಾನದ ಕಾಗದಪತ್ರ ತರಿಸಿ ಓದುವವಳಿಗೆ ತವರುಮನೆಯ ಅಂಗಳದಲ್ಲಿ ನಿಂತು ತಲೆ ಎಣಿಸಲು ಒಂದು ದಿನ ಸಿಗಲಿಲ್ಲವೇ? ಎಣಿಸಿದ್ದರೆ ತಿಳಿಯುತ್ತಿತ್ತು. ಮಷೀನು ಬರುವ ಮುಂಚೆ ಇಲ್ಲಿ ಇಪ್ಪತ್ತೆರಡು ಜನ ದುಡಿಯುತ್ತಿದ್ದರು. ಈಗ ನಾಲ್ವರು ಗಂಡಸರು ಉಳಿದಿದ್ದಾರೆ. ನಿನ್ನ ಲೆಕ್ಕ ತಲೆಕೆಳಗಾಗಿ ನಿಂತಿದೆ.

ನನ್ನನ್ನು ಕಲ್ಲುಮನಸ್ಸಿನವಳೆಂದು ತಿಳಿಯಬೇಡ. ನಿನ್ನ ಅಪ್ಪ ತೀರಿದ ಮೇಲೆ ಹದಿನಾಲ್ಕು ವರ್ಷ ಈ ಗಿರಣಿ ನಡೆಸಿದ್ದೇನೆ, ಒಂದು ದಿನ ಯಾರ ಕೂಲಿಯನ್ನೂ ನಾಳೆಗೆ ಇಟ್ಟವಳಲ್ಲ. ಮಷೀನು ಹಾಕದಿದ್ದರೆ ಬಾಗಿಲು ಮುಚ್ಚಬೇಕಿತ್ತು. ಹುಬ್ಬಳ್ಳಿಯ ವ್ಯಾಪಾರಿ ಹೋದ ವರ್ಷ ಬಂದು, "ಅವ್ವಾರ, ಅನ್ನದಾಗ ಒಂದ ಕಪ್ಪ ಕಾಳ ಕಂಡ್ರ ಈಗಿನ ಗಿರಾಕಿ ಚೀಲನ ತಿರುಗಿ ಒಗೀತಾನ್ರಿ. ಮೊರದಾಗ ಆರಿಸಿದ್ದು ಇನ್ನ ನಡ್ಯಾಂಗಿಲ್ರಿ" ಎಂದು ಹೇಳಿಹೋದ. ಹದಿನೆಂಟು ಹೆಂಗಸರು ಮೊರ ಹಿಡಿದು ಇಡೀ ದಿನ ಆರಿಸುತ್ತಿದ್ದ ಅಕ್ಕಿಯನ್ನು ಆ ಮಷೀನು ಒಂದು ತಾಸಿನಲ್ಲಿ ಆರಿಸಿ ಚೀಲಕ್ಕೆ ಬಿಡುತ್ತದೆ. ದೀಪಾವಳಿಗೆ ಬಂತು. ಈಗ ದಿನಕ್ಕೆ ಮೊದಲಿನ ಮೂರು ಪಟ್ಟು ಚೀಲ ಹೊರಬೀಳುತ್ತವೆ. ನೀನು ಹೇಳುವ ಬೆಳವಣಿಗೆ ನಮ್ಮ ಮನೆಗೆ ಬಂದಿದೆ, ಅದರಲ್ಲಿ ಸುಳ್ಳಿಲ್ಲ.

ಹೆಂಗಸರಿಗೆ ಬರಿ "ನಾಳೆಯಿಂದ ಬರಬೇಡಿ" ಎಂದು ಹೇಳುವ ಮನೆತನ ನಮ್ಮದಲ್ಲ. ಸಂಕ್ರಾಂತಿಯ ಮುಂಚಿನ ಶನಿವಾರ ಹದಿನೆಂಟೂ ಜನರನ್ನು ಕರೆದು, ಜಮಖಾನದ ಮೇಲೆ ಕೂರಿಸಿ, ಸಮತಾಳ ಕೈಯಿಂದ ಉಡಿ ತುಂಬಿಸಿದೆ. ನಮ್ಮ ಗಿರಣಿಯದೇ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ, ಎಲೆ ಅಡಿಕೆ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಹಮಾಲಿ ಖಾದರಸಾಬನ ಹೆಂಡತಿ ಹಮೀದುನ್ನೀಸಾ ತಾನೂ ಸೆರಗು ಒಡ್ಡಿ, "ನನಗೂ ತುಂಬ್ರಿ ಸಣ್ಣಕ್ಕಾರ, ಇಪ್ಪತ್ತ ವರ್ಷ ಇದ ಅಂಗಳದಾಗ ಕುಂತೇನಿ" ಎಂದಳು. ಆಮೇಲೆ ನಾನು ಎದ್ದು ನಿಂತು ನಾಲ್ಕು ಮಾತು ಹೇಳಿದೆ. ಇಷ್ಟು ವರ್ಷ ದುಡಿದಿರಿ, ಇನ್ನು ಮನೆಯಲ್ಲಿ ಆರಾಮವಾಗಿರಿ ಎಂದು. ಯಾರೂ ಅಳಲಿಲ್ಲ, ಎದುರು ಮಾತಾಡಲಿಲ್ಲ. ಕೆಲಸ ಸರಳ ಮುಗಿಯಿತು ಎಂದುಕೊಂಡೆ.

ಸೋಮವಾರ ಎಂಟು ಗಂಟೆಗೆ ಎಲ್ಲರೂ ಬುತ್ತಿ ಹಿಡಿದುಕೊಂಡು ಬಂದು ಅಂಗಳದಲ್ಲಿ ತಮ್ಮ ತಮ್ಮ ಜಾಗದಲ್ಲಿ ಕುಳಿತಿದ್ದರು.

"ಯಾಕ ಬಂದೀರಿ?" ಎಂದೆ.

ಅವರಲ್ಲಿ ಹಿರಿಯಳು ಯಲ್ಲಪ್ಪನ ಹೆಂಡತಿ ಹಾಲವ್ವ. ಎಲ್ಲರ ಪರವಾಗಿ ಅವಳೇ ಮಾತಾಡುವುದು. "ಯಾಕಂದ್ರ ಹೆಂಗ್ರಿ ಅಕ್ಕಾರ? ಉಡಿ ತುಂಬಿಸಿಕೊಂಡ ಹೆಣ್ಣಮಕ್ಕಳು ತವರಿಗೆ ತಿರುಗಿ ಬರಬಾರದೇನ್ರಿ?"

"ಉಡಿ ತುಂಬಿ ಕಳಿಸಿದ್ದು ಹೋಗ್ರಿ ಅಂತ!"

"ಹೋಗಿದ್ವಲ್ರಿ. ಎರಡ ದಿನ ಇದ್ದು ಬಂದ್ವಿ."

ಹದಿನೆಂಟೂ ಜನ ಬಾಯಿಗೆ ಸೆರಗು ಹಿಡಿದು ನಕ್ಕರು. ಬಾಗಿಲ ಹಿಂದೆ ಸಮತಾ ಕೂಡ ನಕ್ಕದ್ದು ನನಗೆ ಕೇಳಿಸಿತು. ಕೆಲಸದಿಂದ ತೆಗೆಯಬೇಕಾದವರಿಗೆ ಕೂಲಿ ಕೊಟ್ಟು ಕೈಮುಗಿಯಬೇಕು. ಉಡಿ ತುಂಬುವುದು ಮತ್ತೆ ಬರುವ ಹೆಣ್ಣುಮಕ್ಕಳಿಗೆ. ಅರವತ್ತೆರಡು ವರ್ಷದವಳಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿದ್ದೂ ಮಾಡಿದೆ. ಚಂದವಾಗಿ ಕಳಿಸಲು ಹೋಗಿ ಕರೆದಂತಾಯಿತು.

ಅಂದಿನಿಂದ ನಾಲ್ಕು ವಾರ ಇದೇ ನಡೆದಿದೆ. ಬರುತ್ತಾರೆ, ಕೂರುತ್ತಾರೆ. ಮಷೀನು ಆರಿಸಿದ ಅಕ್ಕಿಯನ್ನು ಮೊರಕ್ಕೆ ಹಾಕಿಕೊಂಡು ಮತ್ತೆ ಆರಿಸುತ್ತಾರೆ. ಅದರಲ್ಲಿ ಏನಿರುತ್ತದೆ ಮಣ್ಣು? ಮೊನ್ನೆ ಹಮೀದುನ್ನೀಸಾಳಿಗೆ ಹೇಗೋ ಒಂದು ಕಪ್ಪು ಕಾಳು ಸಿಕ್ಕಿತು. ಎದ್ದುಹೋಗಿ ಮಷೀನಿನ ಮುಂದೆ ಹಿಡಿದು, "ನೋಡಪಾ ಜಾಣ, ಇದ ನಿನಗ ಕಾಣಲಿಲ್ಲೇನು?" ಎಂದು ಕೇಳಿದಳು. ದಿನದ ಕೂಲಿ ಕೊಡಲು ಹೋದರೆ ಮುಟ್ಟುವುದಿಲ್ಲ. "ಕೆಲಸ ಇಲ್ಲದ ಕೂಲಿ ಹೆಂಗ ತಗೊಳ್ಳೂದ್ರಿ? ಕೆಲಸ ಕೊಟ್ಟು ಕೊಡ್ರಿ" ಎನ್ನುತ್ತಾರೆ. ಚಹಾ ಮಾತ್ರ ಕುಡಿಯುತ್ತಾರೆ. ಅದೂ ಸಕ್ಕರೆ ಕಡಿಮೆಯಾಯಿತೆಂದು ಹೆಸರಿಡುತ್ತಾರೆ. ಬೈದರೆ ತಲೆ ತಗ್ಗಿಸುತ್ತಾರೆ, ನಾನು ಒಳಗೆ ಹೋದ ಕೂಡಲೇ ಮತ್ತೆ ಹರಟೆ. ನನಗೆ ತಲೆ ಕೆಟ್ಟುಹೋಗಿದೆ.

"ಪೊಲೀಸರಿಗೆ ಫೋನ್ ಮಾಡ್ತೇನಿ ಅವ್ವಾ, ಇಲ್ಲಾಂದ್ರ ಇವರು ಏಳಾಂಗಿಲ್ಲ" ಎಂದ ಬಸವೇಶ.

"ಮಾಡು. ಮೊದಲ ನನ್ನ ಹೆಸರು ಬರಸು. ಉಡಿ ತುಂಬಿಸಿದಾಕಿ ನಾನು" ಎಂದೆ.

ಅವನು ಮಾತು ಬಿಟ್ಟದ್ದು ಅಂದಿನಿಂದ. ಅವನನ್ನೂ ಪೂರ್ತಿ ಬೈಯುವಂತಿಲ್ಲ, ಗಿರಣಿ ಉಳಿಯಲೆಂದು ಓಡಾಡಿದವನು ಅವನೇ. ಆದರೆ ನಿನ್ನ ಲೇಖನದ ಆ ಸಂಖ್ಯೆ ಅವನ ಕೈಬರಹ. ಹೋದ ಶ್ರಾವಣದಲ್ಲಿ ಮಷೀನಿಗೆ ಸಬ್ಸಿಡಿ ಕೇಳುವ ಅರ್ಜಿ ಬಂತು. ಅದರಲ್ಲಿ ಒಂದು ಕಾಲಂ ಇತ್ತು, ಈ ಯಂತ್ರದಿಂದ ಎಷ್ಟು ಜನರಿಗೆ ಹೊಸದಾಗಿ ಕಾಯಂ ಉದ್ಯೋಗ ಸಿಗುತ್ತದೆ ಎಂದು. ಅವನು ಹದಿನೆಂಟು ಎಂದು ಬರೆದ. ಹೆಸರಿನ ಪಟ್ಟಿಯನ್ನೂ ಲಗತ್ತಿಸಿದ. ಯಾರ ಹೆಸರು? ಹಾಲವ್ವ, ಹಮೀದುನ್ನೀಸಾ, ಇವೇ ಹದಿನೆಂಟು. ದಿನಗೂಲಿಯವರಾದ್ದರಿಂದ ಇವರು ಅಲ್ಲಿಯವರೆಗೆ ಯಾವ ಕಾಗದದಲ್ಲೂ ಇರಲಿಲ್ಲ. ಇಪ್ಪತ್ತು ವರ್ಷ ದುಡಿದಾಗ ಸರಕಾರದ ಕಣ್ಣಿಗೆ ಬೀಳದವರು ಕೆಲಸ ಹೋಗುವ ವರ್ಷ ಹೊಸ ನೌಕರರಾದರು. ಸಬ್ಸಿಡಿ ಕಚೇರಿಯವರು ನಾವು ಕೊಟ್ಟದ್ದನ್ನು ಬರೆದುಕೊಂಡರು, ನೀನು ಅವರು ಕೊಟ್ಟದ್ದನ್ನು ಬರೆದುಕೊಂಡೆ.

ಬರುವ ತಿಂಗಳು ಇದೇ ಲೇಖನವನ್ನು ತಾಷ್ಕೆಂಟಿನ ಸಭೆಯಲ್ಲಿ ಓದುತ್ತೇನೆ ಎಂದಿದ್ದೀ. ವಿಮಾನದ ಟಿಕೇಟೂ ಆಗಿದೆಯಂತೆ, ಸಂತೋಷ. ಹೋಗು, ಆದರೆ ಆ ಕೊನೆಯ ಪುಟ ಓದಬೇಡ. ಕೆಲಸ ಹೋಗಿ ಮನೆಯಲ್ಲಿ ಕುಳಿತವರು ಆ ಊರಿನಲ್ಲೂ ಇರುತ್ತಾರೆ. ಅವರಿಗೆ ನಮ್ಮ ಅಂಗಳ ತೋರಿಸಿ, ನೋಡಿ ಅಲ್ಲಿ ಹೀಗೆ ಸರಿಹೋಯಿತು ಎಂದು ನನ್ನ ಮಗಳು ಹೇಳಬಾರದು. ತಿದ್ದಿ ಬರೆ. ಅಣ್ಣನ ಮರ್ಯಾದೆ ಹೋಗುತ್ತದೆಂದು ಅಂಜಬೇಡ. ಕಚೇರಿಗೆ ನಾನೇ ಪತ್ರ ಬರೆಯುತ್ತೇನೆ, ಆಮೇಲೆ ಬಂದದ್ದು ಬರಲಿ.

ಮೈ ಕಡೆ ಲಕ್ಷ್ಯವಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಅಲ್ಲಿ ಚಳಿ ಇರುತ್ತದಂತೆ, ದಪ್ಪ ಶಾಲು ಒಯ್ಯಿ. ಕಲಿತ ವಿದ್ಯೆ ನಿನ್ನ ಕೈಬಿಡದಿರಲಿ, ನೀನೂ ಅದಕ್ಕೆ ಮೋಸ ಮಾಡದಿರು. ಇಷ್ಟೇ ನನ್ನ ಹರಕೆ.

ನಿನ್ನ ಅವ್ವ,
ಬಸಲಿಂಗವ್ವ

ತಾ. ಕ.: ಕವರು ಅಂಟಿಸಿ ಮತ್ತೆ ಬಿಚ್ಚಿದೆ. ಮೇಲೆ ಎಲ್ಲರನ್ನೂ ಬೈದಿದ್ದೇನೆ, ಒಬ್ಬಳನ್ನು ಬಿಟ್ಟು. ಪಟ್ಟಿ ಬರೆದವನು ಬಸವೇಶ, ನಿಜ. ಆದರೆ ಹೆಬ್ಬೆಟ್ಟು ಒತ್ತಿಸಿದವಳು ನಾನು. ಅವನ ಮಾತಿಗೆ ಅವರು ಒತ್ತುತ್ತಿರಲಿಲ್ಲ. ದವಾಖಾನೆಯ ಚೀಟಿ, ರೇಶನ್ ಕಾಗದ, ಮಕ್ಕಳ ಸಾಲೆಯ ಪತ್ರ, ಏನೇ ಬಂದರೂ ಇಷ್ಟು ವರ್ಷ ಅವರಿಗೆ ಓದಿ ಹೇಳಿದವಳು ನಾನೇ. ಹಾಲವ್ವ ಶಾಯಿ ಹಚ್ಚಿದ ಬೆರಳು ಎತ್ತಿ ಹಿಡಿದು, "ಏನ ಬರದೈತ್ರಿ ಇದರಾಗ?" ಎಂದು ಕೇಳಿದಳು. "ನಿಮ್ಮ ಕೆಲಸ ಕಾಯಂ ಅಂತ ಬರದೈತಿ" ಎಂದೆ. ಕಾಗದದಲ್ಲಿ ಬರೆದದ್ದು ಅದೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳು ಅಂದು ಸಂಜೆ ಓಣಿಗೆಲ್ಲ ಸಕ್ಕರೆ ಹಂಚಿದಳು.

ಮೊನ್ನೆ ಶುಕ್ರವಾರ ಎಲ್ಲರೂ ಹೋದ ಮೇಲೆ ಹಾಲವ್ವನೊಬ್ಬಳನ್ನೇ ನಿಲ್ಲಿಸಿ, "ಉಡಿ ನೆವ ಮಾಡಿಕೊಂಡು ಎಷ್ಟ ದಿನ ಹಿಂಗ ನನ್ನ ಕಾಡ್ತಿ?" ಎಂದು ಗದರಿದೆ. ಅವಳು ಮೆಲ್ಲಗೆ ಹೇಳಿದಳು: "ಉಡಿ ಮಾತು ನಿಮ್ಮ ಸಲುವಾಗಿ ಆಡಿದ್ದು ಅಕ್ಕಾರ. ಎಲ್ಲಾರ ಮುಂದ ಆ ಕಾಗದದ ಮಾತು ತೆಗದ್ರ ನಿಮ್ಮ ಹೆಸರ ಕೆಡತೈತಿ. ಕೆಲಸ ಕಾಯಂ ಅಂತ ನೀವ ಓದಿ ಹೇಳಿದ್ರಿ. ನೀವು ಓದಿ ಹೇಳಿದ್ದು ಇವತ್ತಿನ ತನಕ ಸುಳ್ಳಾಗಿಲ್ಲ. ಅದಕ್ಕ ಬರಾಕತ್ತೇನಿ."