ಕತ್ತರಿಸಿ ತೆಗೆದ ಹೂಂ

ಜೂನ್ ೧೪, ಶುಕ್ರವಾರ

ನನ್ನ ಮೀನುಮರಿ,

ನೀನು ಚೆನ್ನಾಗಿದ್ದೀಯೆಂದು ಪೇಪರಿನಲ್ಲಿ ಬಂದ ಈಜು ಪಂದ್ಯದ ಫೋಟೋ ನೋಡಿ ತಿಳಿದುಕೊಂಡೆ. ಭುಜದ ನೋವು ಹೇಗಿದೆಯೆಂದು ಫೋಟೋದಲ್ಲಿ ಕಾಣುವುದಿಲ್ಲ. ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಬರೆಯಲಾಗಲಿಲ್ಲ, ಬೈಯಬೇಡ. ಭಾನುವಾರ ಫೋನಿನಲ್ಲಿ ಮಾತಾಡಿದೆವು ನಿಜ. ಆದರೆ ಆಗ ನನ್ನ ಇನ್ನೊಂದು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಸೇತುವೆ ಎಂಜಿನಿಯರರ ಸಂದರ್ಶನ ಕೇಳುತ್ತಿದ್ದೆ. ಆ ಸಂದರ್ಶನದ ಗತಿ ಏನಾಯಿತೆಂದು ಹೇಳುತ್ತೇನೆ ಕೇಳು. ಮೈಯೆಲ್ಲ ಉರಿಯುತ್ತಿದೆ, ಯಾರಿಗಾದರೂ ಹೇಳದಿದ್ದರೆ ನಿದ್ದೆ ಬರುವುದಿಲ್ಲ.

ನಮ್ಮ ರೇಡಿಯೋಗೆ ಹೊಸ ಮುಖ್ಯಸ್ಥರು ಬಂದಿದ್ದಾರೆ. ನಾನು ಅವರಿಗೆ ಕತ್ತರಿಯವರು ಎಂದು ಹೆಸರಿಟ್ಟಿದ್ದೇನೆ. ಬಂದವರೇ ನನ್ನ ಸಾಧಕರ ಸಂದರ್ಶನಗಳನ್ನೆಲ್ಲ ಕೇಳಿ, ನನ್ನನ್ನು ಕೋಣೆಗೆ ಕರೆಸಿದರು.

"ಮೇಡಂ, ಕಾರ್ಯಕ್ರಮ ಚೆನ್ನಾಗಿದೆ. ಆದ್ರೆ ಈ ಹೂಂ ಯಾಕೆ?"

"ಯಾವ ಹೂಂ?"

"ಅವರು ಮಾತಾಡ್ತಾ ಇರ್ತಾರೆ, ನೀವು ಮಧ್ಯೆ ಮಧ್ಯೆ ಹೂಂ, ಹೂಂ ಅಂತ ಇರ್ತೀರಲ್ಲ, ಅದು. ಕೇಳೋರಿಗೆ ಸಾಧಕರ ದನಿ ಬೇಕು. ನಿಮ್ಮ ಹೂಂ ಯಾರಿಗೆ ಬೇಕು ಹೇಳಿ?"

ನಾನು "ಹೂಂ" ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಅಂದಿನಿಂದ ಹಳೆಯ ಸಂದರ್ಶನಗಳಲ್ಲಿದ್ದ ನನ್ನ ಹೂಂಗಳನ್ನೆಲ್ಲ ಹುಡುಕಿ ಹುಡುಕಿ ತೆಗೆಯುತ್ತಿದ್ದಾರೆ, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ. ಆ ಹೃದಯದ ಡಾಕ್ಟರು ನೆನಪಿದ್ದಾರಲ್ಲ? ಅರ್ಧ ಗಂಟೆ ತಮ್ಮ ಪ್ರಶಸ್ತಿಗಳನ್ನು ಪಾಠ ಒಪ್ಪಿಸುವಂತೆ ಒಪ್ಪಿಸಿದರು. ನಾನು ಹೂಂ, ಹೂಂ ಎನ್ನುತ್ತಲೇ ಇದ್ದೆ. ಒಮ್ಮೆ ಸ್ವಲ್ಪ ನಿಧಾನವಾಗಿ ಹೂಂ ಎಂದೆ ನೋಡು, ಅವರು ತಟ್ಟನೆ ನಿಲ್ಲಿಸಿ, "ನಾನೀಗ ಆಪರೇಷನ್ ಮಾಡಲ್ಲ ಮೇಡಂ. ಕೈ ನಡುಗುತ್ತೆ. ಮನೇಲಿ ಹೇಳಿಲ್ಲ. ಆಸ್ಪತ್ರೆಗೆ ಹೋಗಿ ಸುಮ್ನೆ ಕೂತು ಬರ್ತೀನಿ" ಎಂದರು. ಇದನ್ನು ತೆಗೆದುಬಿಡಲೇ ಎಂದು ಕೇಳಿದ್ದಕ್ಕೆ, "ಬೇಡ, ಮನೆಯವರೂ ರೇಡಿಯೋದಲ್ಲೇ ಕೇಳ್ಲಿ ಬಿಡಿ" ಎಂದರು. ಅಂಥ ಮಾತು ಯಾವ ಪ್ರಶ್ನೆಗಾದರೂ ಹೊರಬರುತ್ತದೆಯೇ? ಈಗ ಆ ಹೂಂ ಇಲ್ಲ. ಪಾಪ, ಆ ಮನುಷ್ಯ ಗೋಡೆಗೆ ಹೇಳಿಕೊಂಡ ಹಾಗಿದೆ.

ಇನ್ನು ಸೇತುವೆ ಎಂಜಿನಿಯರರ ಪಾಡು. ಬರೀ ತಲೆಯಾಡಿಸಿ ಎಂದು ನನಗೆ ಅಪ್ಪಣೆಯಾಗಿತ್ತು. ತುಟಿ ಬಿಗಿದುಕೊಂಡು ಕೂತೆ. ಅವರು ನಾಲ್ಕು ಮಾತಾಡಿ ನಿಲ್ಲಿಸಿ, "ಮೈಕು ಕೆಟ್ಟಿದೆಯಾ?" ಎಂದರು. ಇಲ್ಲವೆಂದು ತಲೆಯಾಡಿಸಿದೆ. ಇನ್ನೆರಡು ಮಾತಾಡಿ, "ಗಂಟಲು ನೋವಾ ಮೇಡಂ?" ಎಂದರು. ಕೊನೆಗೆ ಗಾಜಿನಾಚೆ ಇದ್ದ ನಮ್ಮ ರೆಕಾರ್ಡಿಂಗಿನವರ ಕಡೆ ತಿರುಗಿ, "ನಾನೇನಾದ್ರೂ ತಪ್ಪು ಹೇಳಿದ್ನಾ ಸಾರ್?" ಎಂದು ಕೇಳಿದರು. ಎಷ್ಟೋ ಹೊಳೆಗಳಿಗೆ ಸೇತುವೆ ಕಟ್ಟಿದ ಮನುಷ್ಯ, ಒಂದು ಹೂಂ ಇಲ್ಲದೆ ಬೆವತುಹೋದರು. ಸಿಮೆಂಟಿನ ಲೆಕ್ಕ ಬಿಟ್ಟರೆ ಅವರ ಬಾಯಿಂದ ಬೇರೇನೂ ಬರಲಿಲ್ಲ.

ನಿನ್ನಪ್ಪನ ಹತ್ತಿರ ಗೋಳು ತೋಡಿಕೊಂಡರೆ ಅವರು ಕತ್ತರಿಯವರ ಪಕ್ಷ! "ನಿನ್ನ ಹೂಂ ಅಂದ್ರೆ ಒಪ್ಪಿಗೇನೋ, ಕೇಳಿಸ್ತು ಅಂತಾನೋ, ನನಗೇ ಇನ್ನೂ ಗೊತ್ತಾಗಿಲ್ಲ. ಆ ನೀಲಿ ಸೋಫಾ ಮನೆಗೆ ಬಂದಿದ್ದು ಹೇಗೆ ಹೇಳು?" ಎಂದರು. ಅವರು ಅಂಗಡಿಯಿಂದ ಫೋನ್ ಮಾಡಿ ಕೇಳಿದ್ದರಂತೆ, ನಾನು ಹೂಂ ಎಂದಿದ್ದೆನಂತೆ. ಸೋಫಾ ಮೇಲೆ ಕೂತೇ ಜಗಳವಾಡಿದೆವು.

ಕಡೆಗೆ ನಿನ್ನ ಸಂದರ್ಶನ. ಅಮ್ಮನೇ ಮಗಳನ್ನು ಮಾತಾಡಿಸಿದರೆ ಹೊಗಳಿಕೆಯಾಗುತ್ತದೆ, ನಾನೇ ಮಾಡುತ್ತೇನೆ ಎಂದರು ಕತ್ತರಿಯವರು. ನೀನೂ "ಅಮ್ಮ ಬೇಡ" ಎಂದೆಯಂತೆ. ಆಗಲಿ ಎಂದು ಸುಮ್ಮನಾದೆ, ಆದರೆ ಬೇಜಾರಾಯಿತು ಕಣೇ, ಬಹಳ ಬೇಜಾರಾಯಿತು. ಬುಧವಾರ ಪ್ರಸಾರವಾಯಿತು. ಅಡುಗೆಮನೆಯಲ್ಲಿ ನಿಂತೇ ಕೇಳಿದೆ. ಗೆಲುವಿನ ಗುಟ್ಟೇನು ಎಂದು ಅವರು ಕೇಳಿದರೆ ನೀನು "ಶಿಸ್ತು" ಎನ್ನುತ್ತೀಯ. ಶಿಸ್ತಂತೆ! ನಿನ್ನ ಒದ್ದೆ ಟವೆಲನ್ನು ಒಂದು ದಿನವಾದರೂ ನೀನೇ ಒಣಗಹಾಕಿದ್ದುಂಟೇ? ಎದುರಿಗೆ ನಾನಿದ್ದಿದ್ದರೆ, ಎರಡೇ ಎರಡು ಹೂಂಗೆ ನಿನ್ನಿಂದ ನಿಜ ಹೊರಡಿಸುತ್ತಿದ್ದೆ. ಊರಿನವರ ಮನಸ್ಸೆಲ್ಲ ಬಿಚ್ಚಿಸುವವಳಿಗೆ ನನ್ನ ಮಗಳ ಮನಸ್ಸು ತಿಳಿಯದೇ?

ಇರಲಿ. ಭುಜಕ್ಕೆ ಬಿಸಿನೀರಿನ ಶಾಖ ಕೊಡು, ಹೊತ್ತಿಗೆ ಸರಿಯಾಗಿ ಊಟ ಮಾಡು. ನೀರು ನಿನ್ನನ್ನು ಯಾವತ್ತೂ ಹಗುರವಾಗಿ ಹೊರಲಿ, ದಡ ನಿನಗೆ ಯಾವತ್ತೂ ಹತ್ತಿರವಿರಲಿ ಎಂದು ಹರಸುತ್ತೇನೆ. ನಿನ್ನಪ್ಪ ಸೋಫಾ ಮೇಲಿಂದಲೇ ಆಶೀರ್ವಾದ ಕಳಿಸಿದ್ದಾರೆ.

ನಿನ್ನ
ಅಮ್ಮ

ತಾ.ಕ.: ಇಲ್ಲಿಗೇ ಮುಗಿಸಿ ಮಡಿಸಿಟ್ಟಿದ್ದೆ. ಮನಸ್ಸು ತಡೆಯಲಿಲ್ಲ, ಮತ್ತೆ ಬಿಚ್ಚಿದೆ.

ನಿನ್ನೆ ನಮ್ಮ ರೆಕಾರ್ಡಿಂಗಿನವರು ಕರೆದು, "ನಿಮ್ಮ ಮಗಳದ್ದು ಕತ್ತರಿಸಿ ಹಾಕಿದ ಒಂದು ತುಂಡಿದೆ, ಕೇಳ್ತೀರಾ?" ಎಂದರು. ಕೇಳಿದೆ. ಬಿಟ್ಟುಬಿಡೋಣ ಅಂತ ಯಾವತ್ತಾದರೂ ಅನ್ನಿಸಿತ್ತಾ ಎಂದು ಕತ್ತರಿಯವರು ಕೇಳುತ್ತಾರೆ. ನೀನು ನಗುತ್ತೀಯ. ಆಮೇಲೆ ಹೇಳುತ್ತೀಯ: "ಒಂದ್ಸಲ, ಚಿಕ್ಕವಳಿದ್ದಾಗ. 'ಅಮ್ಮ, ನಂಗೆ ಈಜು ಸಾಕು, ನಾಳೆಯಿಂದ ಹೋಗಲ್ಲ, ಆಯ್ತಾ?' ಅಂದೆ. ಅಮ್ಮ ಇಸ್ತ್ರಿ ಮಾಡ್ತಾ ಹೂಂ ಅಂದ್ರು. ಎಷ್ಟು ಖುಷಿಯಾಯ್ತು ಗೊತ್ತಾ? ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ಬೆಳಿಗ್ಗೆ ನೋಡಿದ್ರೆ ಎಂದಿನ ಹಾಗೆ ದೀಪ ಹಾಕಿ ಎಬ್ಬಿಸ್ತಿದ್ದಾರೆ, ಕೈಯಲ್ಲಿ ನನ್ನ ಟವೆಲ್." ಮತ್ತೆ ಹೇಳಲಿಲ್ಲವೇ ಎನ್ನುತ್ತಾರೆ ಅವರು. "ಇಲ್ಲ. ಎದ್ದು ಹೋದೆ" ಎನ್ನುತ್ತೀಯ. ತುಂಡು ಅಲ್ಲಿಗೆ ಮುಗಿಯುತ್ತದೆ.

ನನಗೆ ಆ ಇಸ್ತ್ರಿ ನೆನಪಿದೆ, ಆ ಮೇಜು ನೆನಪಿದೆ. ಆ ಹೂಂ ಮಾತ್ರ ಎಷ್ಟು ತಡಕಿದರೂ ನೆನಪಿಗೆ ಬರುತ್ತಿಲ್ಲ.

ಫೋನ್ ಮಾಡುವುದಕ್ಕೆ ಭಯವಾಗಿ ಬರೆಯುತ್ತಿದ್ದೇನೆ, ಎಲ್ಲಿ ಮತ್ತೆ ಹಾಗೇ ಅಂದುಬಿಡುತ್ತೇನೋ ಎಂದು. ಭಾನುವಾರ ನೀನು ನನ್ನನ್ನು ಏನೋ ಕೇಳಿದೆ. ನಾನು ಹೂಂ ಎಂದೆ. ನೀನು "ಸರಿ ಅಮ್ಮ, ಹಾಗೇ ಮಾಡ್ತೀನಿ" ಎಂದು ಫೋನಿಟ್ಟೆ. ಏನು ಕೇಳಿದೆ, ಮಗಳೇ? ಅದನ್ನು ಮಾಡುವ ಮೊದಲು, ದಯವಿಟ್ಟು, ಇನ್ನೊಂದು ಸಲ ಕೇಳು.