ಶ್ಯಾವಿಗೆಗೆ ಹುಷಾರಿಲ್ಲ

ವಾರೆನ್, ಮಿಷಿಗನ್
25 ಫೆಬ್ರವರಿ 2003

ಮುದ್ದು ಅನುಜ್,

ಹೇಗಿದ್ದೀಯ ಮರಿ? ನೆಗಡಿ ಬಿಟ್ಟಿತೆ? ಡೆಸ್ ಪ್ಲೇನ್ಸ್‌ನ ಹೊಸ ಸ್ಕೂಲಿನಲ್ಲಿ ಊಟಕ್ಕೆ ಜೊತೆ ಕೂರುವವರು ಯಾರಾದರೂ ಸಿಕ್ಕಿದರಾ? ನಿನಗೆ ಕನ್ನಡ ಓದಲು ಬರುವುದಿಲ್ಲ, ನನ್ನ ಇಂಗ್ಲಿಷ್ ಕೇಳಿದರೆ ನಗುತ್ತೀಯ. ಅದಕ್ಕೇ ಇದನ್ನು ಅಮ್ಮ ಓದಿ ಹೇಳಲಿ.

ನೀನು ಕಾಯುತ್ತಿರುವುದು ಶ್ಯಾವಿಗೆಯ ಸುದ್ದಿಗೆ ತಾನೆ? (ನೀನಿಟ್ಟ ಹೆಸರು ನೂಡಲ್, ನನ್ನ ಬಾಯಿಗೆ ಶ್ಯಾವಿಗೆಯೇ ಹಿತ.) ನಿಮ್ಮ ಹೊಸ ಅಪಾರ್ಟ್‌ಮೆಂಟಿನಲ್ಲಿ ಹಾವು ಸಾಕುವಂತಿಲ್ಲವೆಂದು ನೀನು ಅದನ್ನು ನನ್ನ ಕೈಗಿತ್ತು ಹೊರಟ ದಿನ ನನಗೆ ಮುಟ್ಟಲೂ ಹೆದರಿಕೆ. ಈಗಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಕಾವಿಗೆಂದು ಇಟ್ಟ ಕರೆಂಟಿನ ಕಲ್ಲು ಕೆಟ್ಟು, ಅತಿಯಾಗಿ ಕಾದು, ಅದರ ಹೊಟ್ಟೆಯ ಹುರುಪೆಗಳು ಸುಟ್ಟವೆಂದು ಫೋನಿನಲ್ಲಿ ಹೇಳಿದ್ದೆನಲ್ಲ. ಸುಡುತ್ತಿದ್ದರೂ ಹಾವು ಜಾಗ ಬಿಟ್ಟು ಏಳುವುದಿಲ್ಲವಂತೆ, ಬೆಚ್ಚಗಿದೆಯೆಂದು ಅಲ್ಲೇ ಮಲಗಿರುತ್ತದಂತೆ. ಡಾಕ್ಟರು ಹೇಳಿದರು. ಕಲ್ಲನ್ನು ಎಸೆದೆ. ಮರದ ಹೊಟ್ಟು ಗಾಯಕ್ಕೆ ಅಂಟುತ್ತದೆಂದು ತೆಗೆದು ಪೇಪರ್ ಟವೆಲ್ ಹಾಸಿದ್ದೇನೆ. ಬೆಳಿಗ್ಗೆ ಸಂಜೆ ಉಗುರುಬೆಚ್ಚಗಿನ ನೀರಿಗೆ ತಿಳಿ ಚಹಾದ ಬಣ್ಣ ಬರುವಷ್ಟು ಔಷಧಿ ಬೆರೆಸಿ ಅದರಲ್ಲಿ ಬಿಡುತ್ತೇನೆ, ಆಮೇಲೆ ಒರೆಸಿ ಮುಲಾಮು ಹಚ್ಚುತ್ತೇನೆ. ಸ್ವಲ್ಪ ಬಿಗಿಯಾಗಿ ಹಿಡಿದರೂ ನಿನ್ನ ದನಿಯೇ ಕೇಳಿಸುತ್ತದೆ: "ತಾತಾ, ಡೋಂಟ್ ಸ್ಕ್ವೀಜ್!" ಮೊನ್ನೆ ಹುಳಿ ಕೊಡಲು ಬಂದ ಪಕ್ಕದ ಮನೆಯ ಪದ್ಮಜಾ ಆಂಟಿ ಬಾಗಿಲಲ್ಲೇ ನಿಂತುಬಿಟ್ಟರು. "ಏನ್ ಅಂಕಲ್, ನಾವು ಹುತ್ತಕ್ಕೆ ತನಿ ಎರೆಯೋ ಜನ. ನೀವು ನಾಗಪ್ಪಂಗೇ ಸ್ನಾನ ಮಾಡಿಸ್ತಿದೀರಲ್ಲ!" ನಿನ್ನಪ್ಪ ಬಹಳ ದಿನಗಳ ಮೇಲೆ ನಕ್ಕ.

ಪೊರೆ ಬಿಟ್ಟಾಗ ಹೊಸ ಹುರುಪೆ ಕಾಣುತ್ತದೆಂದು ನೀನೇ ನನಗೆ ಕಲಿಸಿದ್ದೆ. ಸದ್ಯಕ್ಕೆ ಅದು ಏನೂ ತಿನ್ನುತ್ತಿಲ್ಲ. ನನ್ನ ತೋಳಿನ ಮೇಲೆ ಸುಮ್ಮನೆ ಮಲಗಿರುತ್ತದೆ, ಅಷ್ಟೆ.

ನೀನು ಚೆನ್ನಾಗಿ ಊಟ ಮಾಡು. ಅಮ್ಮನನ್ನು ಗೋಳು ಹುಯ್ದುಕೊಳ್ಳಬೇಡ. ನೂರು ಕಾಲ ಬಾಳು ಕಂದ.

ನಿನ್ನ ತಾತ

ವಿ.ಸೂ.: ರೇಣು, ಇಲ್ಲಿಂದ ಗಟ್ಟಿಯಾಗಿ ಓದಬೇಡಮ್ಮ. ಶ್ಯಾವಿಗೆಯ ಗಾಯದ ನಂಜು ರಕ್ತಕ್ಕೇರಿದೆ, ಅದು ಉಳಿಯುವುದಿಲ್ಲ ಎಂದು ಡಾಕ್ಟರು ನಿನ್ನೆ ಹೇಳಿದರು. ನರಳಿಸುವ ಬದಲು ಇಂಜೆಕ್ಷನ್ ಕೊಟ್ಟು ಮುಗಿಸೋಣ ಎಂದರು. ಸೋಮವಾರದವರೆಗೆ ಗಡುವು ಕೇಳಿದ್ದೇನೆ. ಫೋನ್ ಮಾಡಿದರೆ ಅನುಜನೇ ಎತ್ತುತ್ತಾನೆ, ಅದಕ್ಕೇ ಬರೆಯುತ್ತಿದ್ದೇನೆ. ಈ ಹಿಮದಲ್ಲಿ ಮುನ್ನೂರು ಮೈಲಿ, ಅದೂ ನೀನು ಬೇಡವೆಂದು ಬಿಟ್ಟುಹೋದ ಮನೆಗೆ. ಯಾವ ಬಾಯಿಂದ ಕೇಳಲಿ? ಆದರೂ ಶನಿವಾರ ಅವನನ್ನು ಕರೆದುಕೊಂಡು ಬಾ. ಒಂದು ಸಲ ಕೈಯಲ್ಲಿ ಹಿಡಿದುಕೊಳ್ಳಲಿ. ಹರಿ ಮನೆಯಲ್ಲಿರುವುದಿಲ್ಲ, ಆ ದಿನ ಆಫೀಸಿಗೆ ಹೋಗಿಬಿಡು ಎಂದಿದ್ದೇನೆ. "ರಸ್ತೆ ಆಚೆ ಕಾರಲ್ಲೇ ಕೂತಿರ್ತೀನಪ್ಪ. ಅನುಜ್‌ನ ದೂರದಿಂದ ನೋಡ್ಲಾ?" ಎಂದ. ಅವನಿಗೆ ಏನು ಹೇಳಲಿ, ನೀನೇ ತಿಳಿಸಮ್ಮ.