ಬರೀ ಮಜ್ಜಿಗಿ

ಅತ್ತೀ,

ನೀವು ಗುಡಿಯಿಂದ ಬರೋದ್ರಾಗ ನಾವು ಕಮಲಾಪುರದ ಬಸ್ ಹತ್ತಿರ್ತೀವಿ. ಚನ್ನವೀರನ್ನ ಮನಸಿನ ಡಾಕ್ಟರಿಗೆ ತೋರಿಸೋ ದಿನ ಇವತ್ತು.

ರೊಟ್ಟಿ ಬುಟ್ಟ್ಯಾಗ ಅವ. ಪುಂಡಿ ಪಲ್ಯ ಬಿಸಿ ಮಾಡ್ಕೋರಿ. ನಮ್ಮ ದಾರಿ ಕಾಯ್ಕೋತ ಉಪಾಸ ಕೂಡಬ್ಯಾಡ್ರಿ.

ಬಾಜು ಮನಿಯವ್ರು ಕೇಳಿದ್ರ ದವಾಖಾನಿಗೆ ಹೋಗ್ಯಾರ ಅಂತನೇ ಹೇಳ್ರಿ. ನಮ್ಮ ಬ್ರಹ್ಮಪುರದಾಗ ಯಾರೂ ನೋಡಬಾರದಂತ ಅಷ್ಟು ದೂರ ಹೊಂಟೀವಿ, ಮುಚ್ಚಿಡೋದು ಅಷ್ಟು ಸಾಕು. ಪ್ರತಿ ಸಲ ಲಗ್ನಕ್ಕ ಹೋಗ್ಯಾರ ಅಂದ್ರ ಅವರೇನು ನಂಬ್ತಾರಾ?

ಇನ್ನೊಂದು ಮಾತು. ಎದುರಿಗೆ ಹೇಳಾಕ ಬಾಯಿ ಬರಲಿಲ್ಲ, ಅದಕ್ಕ ಬರಿಯಾಕತ್ತೀನಿ. ಚನ್ನವೀರನ ಮಜ್ಜಿಗ್ಯಾಗ ಗುಳಿಗಿ ಅರದು ಹಾಕೋದು ಬಿಟ್ಟುಬಿಡ್ರಿ. ಆಗ ನಾವು ಕೊಟ್ಟ ಗುಳಿಗಿ ಎಲ್ಲಾ ಅವ ಉಗುಳ್ತಿದ್ದ, ಬ್ಯಾರೆ ದಾರಿ ಇರಲಿಲ್ಲ, ನಾನೂ ಹ್ಞೂಂ ಅಂದಿದ್ದೆ. ಆದ್ರ ನಿನ್ನಿ ಅರಿಬಿ ಒಣ ಹಾಕೋ ಮುಂದ ತಾನೇ ಬಂದು ಅಂದ: "ವೈನಿ, ಅವ್ವ ಮಜ್ಜಿಗ್ಯಾಗ ಏನು ಹಾಕ್ತಾಳ ನನಗ ಮೊದಲಿಂದಾನೂ ಗೊತ್ತದ. ನಾ ಲೋಟ ಖಾಲಿ ಮಾಡೋ ತನಕ ಆಕಿ ತುತ್ತು ಎತ್ತಂಗಿಲ್ಲ. ಅದಕ್ಕ ಕುಡೀತೀನಿ."

ನಾ ಹಿಂಡಿದ ಅರಿಬಿನೇ ಮತ್ತ ಹಿಂಡಿದೆ.

ಡಾಕ್ಟರಿಗೂ ಇವತ್ತು ಇದ್ದದ್ದು ಇದ್ದಂಗ ಹೇಳ್ತೀನಿ. ನೀವು ಸಿಟ್ಟಾಗಬ್ಯಾಡ್ರಿ.

ಸಂಜಿಗೆ ಗುಳಿಗಿ ಅವನ ಅಂಗೈಯಾಗೇ ಇಡ್ರಿ, ನೀರು ಕೊಡ್ರಿ. ಅವನ ಮುಂದ ಅಳಬ್ಯಾಡ್ರಿ. ಆಮ್ಯಾಲ ಒಂದು ಲೋಟ ಮಜ್ಜಿಗಿ ಕೊಡ್ರಿ, ಬರೀ ಮಜ್ಜಿಗಿ. ಅವ ಅದರ ರುಚಿ ನೋಡಿ ಭಾಳ ದಿನ ಆತು.

ಮಹಾನಂದಾ